ಪ್ರತಿಕ್ರಿಯೆ: ಕಸದ ತೊಟ್ಟಿಯಲ್ಲಿ ಹೊಗೆಯಾಡಿದ ಬೂದಿ

ಪಾರ್ಕಿನಲ್ಲಿ ಖಾಲಿಯಾದ ಕ್ಯಾಂಪ್‌ಸೈಟ್‌ನ (ಡೇರೆ ಹಾಕಿ ತಂಗುವ ಜಾಗದ) ಬೆಂಕಿಗುಂಡಿಯಿಂದ ಬೆಳಿಗ್ಗೆ ನೀವು ತೆಗೆದ ಬೂದಿ ಮಧ್ಯಾಹ್ನ ಕಸದ ತೊಟ್ಟಿಯಲ್ಲಿ ಹೊಗೆಯಾಡಿದ್ದಕ್ಕೆ, ಬಹುಮಟ್ಟಿಗೆ, ಒಳಗೆ ಉಳಿದಿದ್ದ ಕೆಂಡವೇ ಕಾರಣ. ಬೂದಿ ಶಾಖವನ್ನು ಹಿಡಿದಿಡುವುದರಿಂದ, ಮೇಲಿನ ಪದರ ತಣ್ಣಗಿದ್ದರೂ ಕೆಂಡ ಒಂದೆರಡು ದಿನ ಆರದೆ ಇರಬಲ್ಲದು. ತೊಟ್ಟಿಯಲ್ಲಿ ಕಾಗದವೂ ಗಾಳಿಯೂ ಸಿಕ್ಕೊಡನೆ ಮತ್ತೆ ಹೊತ್ತಿಕೊಳ್ಳುತ್ತದೆ. ಬೇರೆ ಯಾರೋ ಅದೇ ತೊಟ್ಟಿಗೆ ಬಿಸಿ ಇದ್ದಿಲನ್ನು ಸುರಿದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ತೊಟ್ಟಿಯಲ್ಲಿ ಇನ್ನೂ ಬಿಸಿಯಿದ್ದರೆ ಕೂಡಲೇ ಪಾರ್ಕಿನ ಕಾವಲು ಅಧಿಕಾರಿಯಾದ ರೇಂಜರ್‌ಗೆ ತಿಳಿಸಿರಿ.

ಮುಂದೆ ಗುಂಡಿ ಸ್ವಚ್ಛಗೊಳಿಸುವಾಗ, ಗಾಳಿ ಬೀಸಿ ಬರುವ ಕಡೆ ನಿಂತು ನಿಧಾನವಾಗಿ ನೀರು ಹಾಕಿರಿ, ಏಕೆಂದರೆ ಒಮ್ಮೆಲೇ ಸುರಿದರೆ ಬಿಸಿ ಬೂದಿ ಆವಿಯೊಡನೆ ಮುಖಕ್ಕೆ ಹಾರುತ್ತದೆ. ಚುಂಯ್ ಎನ್ನುವ ಸದ್ದು ನಿಂತ ಮೇಲೆ ಸಲಿಕೆಯಿಂದ ತಳದವರೆಗೆ ಕಲಕಿ, ಅರೆಸುಟ್ಟ ಕೊರಡುಗಳನ್ನು ಹೊರಳಿಸಿ, ಅವುಗಳ ಅಡಿಭಾಗವನ್ನೂ ತೋಯಿಸಿರಿ. ಬಳಿಕ ಕೈಯ ಹಿಂಬದಿಯನ್ನು ಬೂದಿಯ ಸಮೀಪಕ್ಕೆ ಒಯ್ದು ನೋಡಿರಿ. ಬಿಸಿ ತಾಗಿದರೆ ಮತ್ತೆ ನೀರು ಹಾಕಿ ಕಲಕಬೇಕು. ಮಣ್ಣು ಮುಚ್ಚುವುದನ್ನು ನಾನು ಖಂಡಿತ ಒಪ್ಪುವುದಿಲ್ಲ, ಏಕೆಂದರೆ ಮಣ್ಣಿನಡಿಯ ಕೆಂಡ ಬೇಗ ಆರುವುದಿಲ್ಲ, ಕೇವಲ ಕಣ್ಮರೆಯಾಗುತ್ತದೆ, ಮತ್ತು ಮಗುವೊಂದು ಬರಿಗಾಲಿನಲ್ಲಿ ಅದನ್ನು ತುಳಿದರೆ ಕಾಲು ಸುಟ್ಟುಕೊಳ್ಳುತ್ತದೆ.

ತೆಗೆದ ಬೂದಿಯನ್ನು ಮುಚ್ಚಳವಿರುವ ಲೋಹದ ಬಕೆಟ್ಟಿನಲ್ಲಿ, ನೀವು ತಂಗುವ ಗಾಡಿಮನೆಯಾದ ಟ್ರೇಲರ್‌ನಿಂದಲೂ ಒಣಹುಲ್ಲಿನಿಂದಲೂ ದೂರವಾಗಿ, ಕೆಲವು ದಿನ ಇಟ್ಟು, ಆನಂತರ ಪಾರ್ಕಿನವರು ತೋರಿಸಿದ ಜಾಗದಲ್ಲಿ ಮಾತ್ರ ಹಾಕಿರಿ. ಒದ್ದೆ ಬೂದಿ ಕ್ಷಾರೀಯವಾಗಿದ್ದು ಚರ್ಮವನ್ನು ಕೆರಳಿಸುತ್ತದೆ, ಕೈಗವಸು ಧರಿಸಿರಿ.