ಜನವರಿಯ ಷಿಕಾಗೊಗೆ ನಾಲ್ಕು ದಿನ

ಓದುಗರ ಪತ್ರ: ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕಿ. ನನಗೆ 63, ಯಜಮಾನರಿಗೆ 68. ಮಗಳ ಬಾಣಂತನಕ್ಕೆಂದು ಅಮೆರಿಕದ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ಗೆ ಹೋಗುತ್ತಿದ್ದೇವೆ. ಜನವರಿ ಕೊನೆಯಲ್ಲಿ ಬೀಗರು ಬಂದು ಕೂಸನ್ನು ನೋಡಿಕೊಳ್ಳುವುದರಿಂದ ನಮಗೆ ನಾಲ್ಕು ದಿನ ಬಿಡುವು ಸಿಗುತ್ತದೆ. ವಿವೇಕಾನಂದರು ಮಾತಾಡಿದ ಷಿಕಾಗೊವನ್ನು ನೋಡಬೇಕೆಂಬುದು ನಮ್ಮ ಯಜಮಾನರ ಬಹುಕಾಲದ ಆಸೆ. ಮಗಳು ಮಾತ್ರ "ಆ ಚಳಿಯಲ್ಲಿ ಬೇಡವೇ ಬೇಡ, ಬೇಸಿಗೆಯಲ್ಲಿ ಮತ್ತೊಮ್ಮೆ ಬಂದಾಗ ನೋಡೋಣ" ಅನ್ನುತ್ತಾಳೆ. ನಮ್ಮ ವಯಸ್ಸಿನವರು ಹೋಗಬಹುದೇ? ಅಲ್ಲಿನ ಸರೋವರ ಸಮುದ್ರದಷ್ಟು ದೊಡ್ಡದಂತೆ. ಅದು ಹೆಪ್ಪುಗಟ್ಟುತ್ತದೆಯೇ? ಹತ್ತಿರದಿಂದ ನೋಡಬಹುದೇ?

ಸಂಪಾದಕರ ಉತ್ತರ: ಹೋಗಿ ಬನ್ನಿ. "ಮತ್ತೊಮ್ಮೆ ಬಂದಾಗ" ಎಂಬ ಮಾತನ್ನು ನಂಬಿ ಕೂರಬೇಡಿ. 68ನೇ ವಯಸ್ಸಿನಲ್ಲಿ ಒಂದು ಆಸೆ ಕೈಗೆಟಕುವಷ್ಟು ಹತ್ತಿರ ಬಂದಿರುವಾಗ ಅದನ್ನು ಇನ್ನೊಂದು ವಿಮಾನಯಾನಕ್ಕೆ ಮುಂದೂಡುವುದು ನನಗೆ ಸರಿಕಾಣುವುದಿಲ್ಲ. ಹಾಗೆಂದು ನಿಮ್ಮ ಮಗಳ ಹೆದರಿಕೆ ಸುಳ್ಳೇನಲ್ಲ. ನಾನು ಆ ಊರಿನಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ. ಆದ್ದರಿಂದ ಮೊದಲು ಚಳಿಯ ಮಾತು ಮುಗಿಸಿ, ಆಮೇಲೆ ಊರೊಳಗೆ ಹೋಗೋಣ.

ಮಡಿಕೇರಿಯ ಚಳಿ, ಆಗುಂಬೆಯ ಮಂಜು ಕಂಡ ಅನುಭವ ಅಲ್ಲಿ ಕೆಲಸಕ್ಕೆ ಬಾರದು. ಜನವರಿಯಲ್ಲಿ ಷಿಕಾಗೊದ ಹಗಲಿನ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿರುತ್ತದೆ, ರಾತ್ರಿ ಮೈನಸ್ 7–8ಕ್ಕೆ ಇಳಿಯುವುದು ಮಾಮೂಲು. ಕೆಲವು ವರ್ಷ ಉತ್ತರ ಧ್ರುವದ ಕಡೆಯ ಗಾಳಿ ಕೆಳಗಿಳಿದಾಗ ಸ್ಥಿತಿ ಬೇರೆಯೇ ಆಗುತ್ತದೆ: 1985ರ ಜನವರಿ 20ರಂದು ಮೈನಸ್ 33 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಿತ್ತು, 2019ರ ಜನವರಿ ಕೊನೆಯಲ್ಲಿ ಮೈನಸ್ 30 ದಾಟಿತ್ತು. ಅಂಥ ದಿನಗಳನ್ನು ಹವಾಮಾನದವರು ಮುಂಚೆಯೇ ಸಾರುತ್ತಾರೆ. ಅಂಥ ಮುನ್ಸೂಚನೆ ಇದ್ದರೆ ಎರಡನೇ ಮಾತಿಲ್ಲದೆ ಪ್ರಯಾಣ ಮುಂದೂಡಿ. ರದ್ದು ಮಾಡಿದರೆ ಹಣ ಹಿಂದಿರುಗಿಸುವ ಹೋಟೆಲನ್ನೇ ಕಾಯ್ದಿರಿಸಿ ಎಂದು ಹೇಳುವುದು ಇದಕ್ಕೇ. ಹೇಗೂ ಜನವರಿ, ಫೆಬ್ರುವರಿಯಲ್ಲಿ ಅಲ್ಲಿನ ಹೋಟೆಲುಗಳ ದರ ವರ್ಷದಲ್ಲೇ ಅಗ್ಗ.

ಆದರೆ ಅಲ್ಲಿ ಕಾಡುವುದು ಉಷ್ಣಾಂಶಕ್ಕಿಂತ ಗಾಳಿ. ಬಿಸಿ ಕಾಫಿಯನ್ನು ಊದಿದರೆ ಬೇಗ ಆರುವುದಿಲ್ಲವೇ, ಹಾಗೆಯೇ ನಮ್ಮ ಚರ್ಮಕ್ಕೆ ಅಂಟಿಕೊಂಡ ತೆಳು ಬಿಸಿಗಾಳಿಯ ಪದರವನ್ನು ಅದು ಎಗರಿಸಿಕೊಂಡು ಹೋಗುತ್ತದೆ. ಮೈನಸ್ 10 ಡಿಗ್ರಿಯಿದ್ದು, ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಮೈಗೆ ತಾಕುವುದು ಮೈನಸ್ 20ರ ಚಳಿ. ಅಲ್ಲಿನವರು ಈ ಗಾಳಿಗೆ "ಗಿಡುಗ" ಎಂದು ಹೆಸರಿಟ್ಟಿದ್ದಾರೆ, ಎರಗುವ ರೀತಿ ಹಾಗೆಯೇ ಇರುತ್ತದೆ. ಫೋನಿನಲ್ಲಿ ಹವಾಮಾನ ನೋಡುವಾಗ "ಗಾಳಿ ಸೇರಿಸಿದ" ಅಂಕಿಯನ್ನೇ ನೋಡಿ. ಅದು ಮೈನಸ್ 28ಕ್ಕೆ ಇಳಿದರೆ ಮುಚ್ಚದ ಚರ್ಮ ಅರ್ಧ ಗಂಟೆಯಲ್ಲಿ ಮರಗಟ್ಟಬಹುದು.

ಇನ್ನೊಂದು ವಿಷಯ ನಮ್ಮವರಿಗೆ ಬೇಗ ಅರ್ಥವಾಗುವುದಿಲ್ಲ. ನನಗೂ ಆಗಿರಲಿಲ್ಲ. ಮೊದಲ ವರ್ಷ ಒಂದು ಬೆಳಿಗ್ಗೆ ಕಿಟಕಿಯಾಚೆ ಥಳಥಳಿಸುವ ಬಿಸಿಲು, ನೀಲಿ ಆಕಾಶ. ಇವತ್ತು ಬೆಚ್ಚಗಿದೆ ಎಂದುಕೊಂಡು ಟೋಪಿಯಿಲ್ಲದೆ ಸರೋವರದ ದಂಡೆಗೆ ಹೋದೆ. ಹತ್ತು ನಿಮಿಷದಲ್ಲಿ ಕಿವಿಗಳು ಮುಟ್ಟಿದರೂ ತಿಳಿಯದಂತಾದವು. ಅಲ್ಲಿ ನಾಯಿ ಕರೆದುಕೊಂಡು ಹೋಗುತ್ತಿದ್ದ ವೃದ್ಧೆಯೊಬ್ಬರು ತಮ್ಮ ಕೊರಳಿನ ಉಣ್ಣೆಯ ಶಾಲು ಬಿಚ್ಚಿ ನನ್ನ ತಲೆಗೆ ಸುತ್ತಿ, ಬಸ್ ನಿಲ್ದಾಣದವರೆಗೆ ಜೊತೆಗೇ ಬಂದರು. ಆ ದಿನ ಅವರು ಹೇಳಿದ್ದು ಇಷ್ಟು: ಚಳಿಗಾಲದಲ್ಲಿ ಮೋಡ ಕಂಬಳಿ ಇದ್ದ ಹಾಗೆ, ಮೋಡವಿಲ್ಲದ ದಿನವೇ ಚಳಿ ಹೆಚ್ಚು. ಹಿಮ ಬೀಳುವ ಬೂದುಬಣ್ಣದ ದಿನ ಎಷ್ಟೋ ಸಲ ಸಹನೀಯವಾಗಿರುತ್ತದೆ.

ಬಟ್ಟೆಯ ವಿಷಯ. ಒಂದು ದಪ್ಪ ಕೋಟಿಗಿಂತ ಮೂರು ಪದರ ಮೇಲು: ಮೈಗೆ ಅಂಟುವ ಥರ್ಮಲ್, ಮೇಲೊಂದು ಉಣ್ಣೆಯದು, ಅದರ ಮೇಲೆ ಗಾಳಿ ತಡೆಯುವ, ತೊಡೆ ಮುಚ್ಚುವಷ್ಟು ಉದ್ದದ ಕೋಟು. ಹತ್ತಿ ಬಟ್ಟೆ ಬೆವರಿನಿಂದ ಒದ್ದೆಯಾದರೆ ಬೇಗ ಆರದು, ಅದು ಮೈಗೆ ತಾಗಿರುವುದು ಬೇಡ. ನಾಲ್ಕು ದಿನದ ಮಟ್ಟಿಗೆ ಸೀರೆ ಬಿಟ್ಟು ಪ್ಯಾಂಟು ಅಥವಾ ಸಲ್ವಾರ್ ಹಾಕಿಕೊಳ್ಳಿ. ಬೂಟುಗಳನ್ನು ಇಲ್ಲಿ ಕೊಳ್ಳಬೇಡಿ. ಮಗಳ ಊರಿನಲ್ಲೇ, ದಪ್ಪ ಕಾಲುಚೀಲ ಹಾಕಿಕೊಂಡು ಅಳತೆ ನೋಡಿ ಕೊಳ್ಳಿ. ರಸ್ತೆಯ ಮೇಲೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಇರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಗದ್ದೆಯ ಬದುವಿನ ಮೇಲೆ ನಡೆಯುತ್ತೇವಲ್ಲ, ಪುಟ್ಟ ಪುಟ್ಟ ಹೆಜ್ಜೆ, ಇಡೀ ಪಾದ ಊರಿ, ಕೈ ಜೇಬಿನಿಂದ ಹೊರಗೆ, ಹಾಗೆ ನಡೆಯಿರಿ. ಒಳಗೆ ಹೀಟರಿನಿಂದ ಗಾಳಿ ಒಣಗಿ ತುಟಿ, ಹಿಮ್ಮಡಿ ಬಿರಿಯುತ್ತವೆ. ಕೊಬ್ಬರಿ ಎಣ್ಣೆ ಒಯ್ಯಿರಿ, ಹೆಪ್ಪುಗಟ್ಟಿದರೆ ಅಂಗೈಯಲ್ಲಿ ಉಜ್ಜಿ ಹಚ್ಚಿಕೊಳ್ಳಿ. ಚಳಿಗೆ ರಕ್ತನಾಳಗಳು ಬಿಗಿದು ರಕ್ತದೊತ್ತಡ ಏರುತ್ತದೆ. ನಿಮ್ಮ ಯಜಮಾನರಿಗೆ ಬಿಪಿ ಅಥವಾ ಹೃದಯದ ಔಷಧಿ ನಡೆಯುತ್ತಿದ್ದರೆ ಹೊರಡುವ ಮುಂಚೆ ವೈದ್ಯರನ್ನು ಕೇಳಿ. ಇದು ಮಾತಿಗೆ ಹೇಳಿದ್ದಲ್ಲ, ಖಂಡಿತ ಕೇಳಿ.

ಈಗ ಊರು. ಬ್ಲೂಮಿಂಗ್ಟನ್‌ಗೆ ಅಂಟಿಕೊಂಡ ನಾರ್ಮಲ್ ಎಂಬ ಊರಿನಲ್ಲಿ ಆಮ್‌ಟ್ರಾಕ್ ರೈಲು ನಿಲ್ಲುತ್ತದೆ, ಎರಡು ಗಂಟೆ ಚಿಲ್ಲರೆಯಲ್ಲಿ ಷಿಕಾಗೊದ ಯೂನಿಯನ್ ಸ್ಟೇಷನ್. ಅಳಿಯ ಕಾರಿನಲ್ಲಿ ಬಿಡುತ್ತೇನೆಂದರೂ ಒಪ್ಪಬೇಡಿ. ಹಿಮ ಬಿದ್ದ ಹೆದ್ದಾರಿಗಿಂತ ರೈಲು ವಾಸಿ. 1925ರಲ್ಲಿ ತೆರೆದ ಆ ನಿಲ್ದಾಣದ ದೊಡ್ಡ ಹಜಾರವೂ ನೋಡುವಂಥದ್ದು, ಗಾಜಿನ ಮಾಡಿನ ಕೆಳಗೆ ಉದ್ದುದ್ದ ಮರದ ಬೆಂಚುಗಳು. ಉಳಿಯುವುದಕ್ಕೆ ಊರ ನಡುವಿನ ಲೂಪ್ ಪ್ರದೇಶವನ್ನೇ ಆರಿಸಿ. ಅಲ್ಲಿ ಕಟ್ಟಡಗಳನ್ನು ನೆಲದಡಿಯಲ್ಲಿ ಜೋಡಿಸುವ ಪೆಡ್‌ವೇ ಎಂಬ ಕಾಲುದಾರಿಗಳಿವೆ. ರಾತ್ರಿ ಮತ್ತು ವಾರಾಂತ್ಯದಲ್ಲಿ ಅದರ ಹಲವು ಭಾಗ ಮುಚ್ಚಿರುತ್ತವೆ, ದಾರಿಯೂ ಸ್ವಲ್ಪ ಗೊಂದಲ. ಆದರೂ ಮಧ್ಯಾಹ್ನದ ಹೊತ್ತು ದೊಡ್ಡ ಆಸರೆ.

ನನ್ನ ಸಲಹೆ ಒಂದೇ: ನೋಡುವ ಜಾಗಗಳ ಪಟ್ಟಿ ಹಿಡಿದು ದಿನವನ್ನು ಕಟ್ಟಬೇಡಿ, ಬೆಚ್ಚಗಿನ ಜಾಗಗಳನ್ನು ಹಿಡಿದು ಕಟ್ಟಿ. ಒಂದು ಬೆಚ್ಚನೆಯ ಜಾಗದಿಂದ ಇನ್ನೊಂದಕ್ಕೆ ಹತ್ತು ನಿಮಿಷ ಮೀರಬಾರದು. ದಿನಕ್ಕೆ ಒಂದೇ ಹೊರಾಂಗಣದ ನೋಟ, ಅದೂ ನಡುಹಗಲಿನಲ್ಲಿ. ಐದು ಗಂಟೆಗೆಲ್ಲ ಸೂರ್ಯ ಮುಳುಗಿರುತ್ತಾನೆ.

ಮೊದಲ ದಿನವನ್ನು ನಿಮ್ಮ ಯಜಮಾನರ ಆಸೆಗೆ ಬಿಡಿ. ಮಿಷಿಗನ್ ಅವೆನ್ಯೂದಲ್ಲಿ ಎರಡು ಕಂಚಿನ ಸಿಂಹಗಳು ಕಾಯುವ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲೇ 1893ರ ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನ ಆರಂಭವಾದದ್ದು. ಅಂದಿನ ಸಭಾಂಗಣ ಇಂದು ಉಳಿದಿಲ್ಲ, ಇದನ್ನು ಮೊದಲೇ ಹೇಳಿಬಿಡಿ, ಅವರಿಗೆ ನಿರಾಸೆಯಾಗಬಾರದು. ಆದರೆ ಕಟ್ಟಡ ಅದೇ. ಮುಂದಿನ ರಸ್ತೆಯ ಆ ಭಾಗಕ್ಕೆ ವಿವೇಕಾನಂದರ ಗೌರವ ನಾಮಫಲಕವೂ ಇದೆ. ಸ್ವಾಮೀಜಿ ಅಮೆರಿಕಕ್ಕೆ ಬಂದಾಗ ಅವರ ಬಳಿ ತಕ್ಕ ಬೆಚ್ಚನೆಯ ಬಟ್ಟೆಯೇ ಇರಲಿಲ್ಲ, ಹಡಗಿನಲ್ಲೇ ಚಳಿಗೆ ನಡುಗಿದ್ದರು. ಅವರಿಗೆ ಒತ್ತಾಸೆಯಾಗಿ ನಿಂತವರಲ್ಲಿ ನಮ್ಮ ಮೈಸೂರಿನ ಚಾಮರಾಜೇಂದ್ರ ಒಡೆಯರೂ ಒಬ್ಬರು. 1894ರ ಜೂನ್‌ನಲ್ಲಿ ಒಡೆಯರಿಗೆ ಸ್ವಾಮೀಜಿ ಷಿಕಾಗೊದಿಂದಲೇ ಪತ್ರ ಬರೆದರು. ಜನವರಿಯಲ್ಲಿ ಅಲ್ಲಿ ಜನಜಂಗುಳಿ ಇರುವುದಿಲ್ಲ, ಮೆಟ್ಟಿಲ ಬಳಿ ನಿಮ್ಮ ಯಜಮಾನರು ಎಷ್ಟು ಹೊತ್ತು ನಿಂತರೂ ಯಾರೂ ತಳ್ಳುವುದಿಲ್ಲ. ಬೇಸಿಗೆಯಲ್ಲಿ ಇದು ಸಿಗದು. ಆಮೇಲೆ ಇಡೀ ದಿನ ಚಿತ್ರಗಳಿಗಿರಲಿ. ಸಾವಿರಾರು ಚುಕ್ಕೆಗಳಿಂದ ಸ್ಯೂರಾ ಬಿಡಿಸಿದ ನದಿತೀರದ ಭಾನುವಾರದ ಚಿತ್ರವನ್ನು ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ ನೋಡಿ. ವಾರದ ಕೆಲವು ದಿನ ಮ್ಯೂಸಿಯಂಗೆ ರಜೆ ಇರುವುದರಿಂದ ರೈಲಿನ ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿ.

ಎರಡನೇ ದಿನಕ್ಕೆ ನನ್ನ ಮೆಚ್ಚಿನ ಜಾಗ, ಗಾರ್‌ಫೀಲ್ಡ್ ಪಾರ್ಕ್ ಗಾಜಿನ ಮನೆ. ಗ್ರೀನ್ ಲೈನ್ ರೈಲು ಅದರ ಪಕ್ಕದಲ್ಲೇ ನಿಲ್ಲುತ್ತದೆ. ಪ್ರವೇಶ ಉಚಿತ. ಯೆನ್ಸ್ ಯೆನ್ಸೆನ್ ಎಂಬ ಉದ್ಯಾನ ಶಿಲ್ಪಿಯ ಕಲ್ಪನೆಯಲ್ಲಿ ರೂಪುಗೊಂಡು 1908ರಲ್ಲಿ ತೆರೆದದ್ದು. ಹೊರಗೆ ಎಲ್ಲವೂ ಬಿಳಿ, ಬಾಗಿಲು ತೆಗೆದರೆ ಒಳಗೆ ತಾಳೆ ಮರಗಳು, ಜರೀಗಿಡಗಳು, ಹಸಿಮಣ್ಣಿನ ವಾಸನೆ. ಕನ್ನಡಕ ಒಮ್ಮೆಲೇ ಮಂಜಾಗುತ್ತದೆ. ಮಲೆನಾಡಿನವರಿಗೆ ಆ ವಾಸನೆ ಏನು ಮಾಡುತ್ತದೆಂದು ನಾನು ಬರೆಯಬೇಕಿಲ್ಲ. ನನ್ನ ಎರಡನೇ ಚಳಿಗಾಲದಲ್ಲಿ ಊರಿನ ನೆನಪು ತಡೆಯಲಾಗದಾಗ ಅಲ್ಲಿಗೆ ಹೋಗಿ ಜರೀಗಿಡಗಳ ಕೋಣೆಯಲ್ಲಿ ಸುಮ್ಮನೆ ಕೂತಿರುತ್ತಿದ್ದೆ.

ಗಗನಚುಂಬಿಗಳನ್ನು ನೋಡಲು ಬೇಸಿಗೆಯಲ್ಲಿ ಜನ ನದಿಯ ದೋಣಿ ಹತ್ತುತ್ತಾರೆ. ಚಳಿಗಾಲದಲ್ಲಿ ಅದರ ಬದಲು ಬ್ರೌನ್ ಲೈನ್ ರೈಲು ಹತ್ತಿ. ಕಂಬಗಳ ಮೇಲಿನ ಹಳಿಯಲ್ಲಿ, ಕಟ್ಟಡಗಳ ಎರಡನೇ ಮಹಡಿಯ ಎತ್ತರದಲ್ಲಿ ಊರ ನಡುವನ್ನು ಸುತ್ತಿ, ನದಿ ದಾಟುತ್ತದೆ. ಒಳಗೆ ಬೆಚ್ಚಗಿರುತ್ತದೆ, ಸಂಜೆ ದೀಪ ಹತ್ತುವ ಹೊತ್ತು ಕಿಟಕಿ ಪಕ್ಕ ಕೂತರೆ ಸಾಕು. ನಿಲ್ದಾಣಗಳಲ್ಲಿ ಗುಂಡಿ ಒತ್ತಿದರೆ ತಲೆಯ ಮೇಲೆ ಬಿಸಿ ಕೊಡುವ ದೀಪಗಳಿವೆ. ಎತ್ತರದಿಂದ ನೋಡಬೇಕೆನಿಸಿದರೆ, 442 ಮೀಟರ್ ಎತ್ತರದ ವಿಲ್ಲಿಸ್ ಟವರ್‌ಗೆ ಆಕಾಶ ತಿಳಿಯಾಗಿರುವ ದಿನ ಮಾತ್ರ ಹೋಗಿ, ಮೋಡವಿದ್ದರೆ ದುಡ್ಡು ದಂಡ. ಢಾಕಾದಲ್ಲಿ ಹುಟ್ಟಿದ ಫಜ್ಲುರ್ ರಹಮಾನ್ ಖಾನ್ ಅದರ ಎಂಜಿನಿಯರ್. ಒಂಬತ್ತು ಕೊಳವೆಗಳನ್ನು ಕಟ್ಟಿಗೆಯ ಹೊರೆಯಂತೆ ಒಟ್ಟುಗೂಡಿಸಿ, ಅದೇ ಗಾಳಿಗೆ ಎದೆಯೊಡ್ಡಿ ನಿಲ್ಲುವಂತೆ ಮಾಡಿದವರು.

ಮೂರನೇ ದಿನ ದಕ್ಷಿಣದ ಹೈಡ್ ಪಾರ್ಕ್. ಷಿಕಾಗೊ ವಿಶ್ವವಿದ್ಯಾಲಯ ಇರುವುದು ಇಲ್ಲೇ. ಮೈಸೂರಿನ ಎ.ಕೆ. ರಾಮಾನುಜನ್ 1960ರ ದಶಕದಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿ ಪಾಠ ಹೇಳಿದರು. ಬಸವಣ್ಣ, ಅಕ್ಕ, ಅಲ್ಲಮರ ವಚನಗಳು ಇಂಗ್ಲಿಷ್ ಓದುಗರಿಗೆ ತಲುಪಿದ್ದು ಅವರ ಕೈಯಿಂದ. ನೀವು ಶಾಲೆಯಲ್ಲಿ ವಚನ ಕಲಿಸಿದವರು, ಆ ಕಲ್ಲಿನ ಕಟ್ಟಡಗಳ ನಡುವೆ ಐದು ನಿಮಿಷ ನಡೆಯದೆ ಬರಬೇಡಿ.

ಊಟಕ್ಕೆ ಚಿಂತೆಯಿಲ್ಲ. ಊರ ಉತ್ತರದ ಡೆವನ್ ಅವೆನ್ಯೂದಲ್ಲಿ ನಮ್ಮ ದೇಶದ ಅಂಗಡಿ, ಹೋಟೆಲುಗಳ ಸಾಲೇ ಇದೆ. ರೆಡ್ ಲೈನ್‌ನಲ್ಲಿ ಲೊಯೋಲಾ ನಿಲ್ದಾಣಕ್ಕೆ ಹೋಗಿ 155ನೇ ನಂಬರಿನ ಬಸ್ ಹಿಡಿಯಿರಿ.

ಇನ್ನು ನೀವು ಕೇಳಿದ ಸರೋವರ. ಮಿಷಿಗನ್ ಸರೋವರ ಪೂರ್ತಿ ಹೆಪ್ಪುಗಟ್ಟುವುದು ಬಲು ಅಪರೂಪ, ಅದು ಅಷ್ಟು ಆಳ, ಅಷ್ಟು ವಿಶಾಲ. ಆದರೆ ಚಳಿ ಬಿಗಿಯಾದ ವಾರಗಳಲ್ಲಿ ದಂಡೆಯುದ್ದಕ್ಕೂ ಮಂಜುಗಡ್ಡೆ ಕಟ್ಟುತ್ತದೆ. ದೋಸೆಯಂತೆ ದುಂಡಗಿನ ಮಂಜಿನ ಬಿಲ್ಲೆಗಳು, ಒಂದಕ್ಕೊಂದು ತಾಗಿ ಅಂಚು ಮೇಲೆದ್ದು, ಅಲೆಯ ಜೊತೆ ಏರಿ ಇಳಿಯುತ್ತಿರುತ್ತವೆ. ಕಡುಚಳಿಯ ಬೆಳಿಗ್ಗೆ ನೀರಿನಿಂದ ಹಬೆ ಏಳುತ್ತದೆ, ಅನ್ನಕ್ಕಿಟ್ಟ ಎಸರಿನ ಹಾಗೆ. ದಂಡೆಗೆ ಅಂಟಿದ ಗಡ್ಡೆಯ ಮೇಲೆ ಮಾತ್ರ ಯಾವ ಕಾರಣಕ್ಕೂ ಕಾಲಿಡಬೇಡಿ. ನೆಲದಂತೆ ಕಂಡರೂ ಅದರಡಿ ಟೊಳ್ಳಿರುತ್ತದೆ. ಕೊನೆಯ ದಿನ ಮಧ್ಯಾಹ್ನ 146ನೇ ಬಸ್ಸಿನಲ್ಲಿ ಮ್ಯೂಸಿಯಂ ಕ್ಯಾಂಪಸ್‌ಗೆ ಹೋಗಿ. ಸರೋವರದೊಳಕ್ಕೆ ಚಾಚಿದ ನೆಲದ ತುದಿಯಲ್ಲಿ, 1930ರಲ್ಲಿ ತೆರೆದ ಆಡ್ಲರ್ ತಾರಾಲಯವಿದೆ. ಅದು ತೆರೆದಿರುವ ದಿನವನ್ನೇ ಆರಿಸಿ, ಒಳಗೆ ಕೂತು ಮೈ ಬೆಚ್ಚಗಾದ ಮೇಲೆ ಇಬ್ಬರೂ ಕಿವಿ ಮುಚ್ಚಿಕೊಂಡು ಐದು ನಿಮಿಷಕ್ಕೆ ಹೊರಗೆ ಬನ್ನಿ. ಒಂದು ಕಡೆ ಇಡೀ ಊರು ಸಾಲಾಗಿ ನಿಂತಿರುತ್ತದೆ, ಇನ್ನೊಂದು ಕಡೆ ದಡವೇ ಕಾಣದ ನೀರು. ಗಾಳಿ ತಗ್ಗಿದ ಕ್ಷಣದಲ್ಲಿ ಟೋಪಿಯನ್ನು ಒಂದಿಷ್ಟು ಮೇಲೆತ್ತಿದರೆ, ಆ ಬಿಲ್ಲೆಗಳು ಒಂದಕ್ಕೊಂದು ಉಜ್ಜುವ ಸದ್ದು ಕೇಳಿಸುತ್ತದೆ.