ಪರದೆಯಾಚೆಯ ವೈದ್ಯರಿಗೆ ಏನು ಹೇಳಬೇಕು?

ಪ್ರಶ್ನೆ: ನನ್ನ ತಾಯಿಗೆ 68 ವರ್ಷ, ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಈಚೆಗೆ ತಲೆಸುತ್ತು ಕಾಣಿಸಿಕೊಂಡಾಗ ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಇ-ಸಂಜೀವಿನಿ ಎಂಬ ಸರ್ಕಾರಿ ವಿಡಿಯೊ ಸೇವೆಯ ಮೂಲಕ ದೂರದ ವೈದ್ಯರಿಗೆ ತೋರಿಸಿದೆವು. ಮೂರೇ ನಿಮಿಷದಲ್ಲಿ ಮಾತು ಮುಗಿದು ಔಷಧ ಚೀಟಿ ಬಂತು. ‘ಕೈ ಹಿಡಿದು ನೋಡದ ಡಾಕ್ಟರ ಮಾತ್ರೆ ನನಗೆ ಬೇಡ’ ಎಂದು ಅವರು ಹಟ ಹಿಡಿದಿದ್ದಾರೆ. ಇಂಥ ಚೀಟಿಗೆ ಮಾನ್ಯತೆ ಇದೆಯೇ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಮಾನ್ಯತೆ ಇದೆ. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯು ನೋಂದಾಯಿತ ವೈದ್ಯರು ವಿಡಿಯೊ ಮೂಲಕ ವಿಚಾರಿಸಿ ಔಷಧ ಬರೆಯಲು ಅವಕಾಶ ಕೊಟ್ಟಿದೆ. ಚೀಟಿಯಲ್ಲಿ ಅವರ ಹೆಸರು ಮತ್ತು ನೋಂದಣಿ ಸಂಖ್ಯೆ ಇರಲೇಬೇಕು. ಮಾದಕ ವಸ್ತುಗಳ ಪಟ್ಟಿಯಲ್ಲಿರುವ ಔಷಧಗಳನ್ನು ಹೀಗೆ ಬರೆಯುವಂತಿಲ್ಲ.

ಆದರೆ ನಿಮ್ಮ ತಾಯಿಯವರ ಅನುಮಾನವನ್ನು ಹಟವೆಂದು ತಳ್ಳಿಹಾಕಬೇಡಿ. ಆರೋಗ್ಯ ಮಂದಿರದಿಂದ ಕರೆ ಹೋದಾಗ ರೋಗಿಯನ್ನು ಮುಟ್ಟಿ ನೋಡುವವರು, ಬಿಪಿ ಮತ್ತು ಸಕ್ಕರೆ ಅಳೆಯುವವರು ಪಕ್ಕದಲ್ಲಿರುವ ಸಮುದಾಯ ಆರೋಗ್ಯಾಧಿಕಾರಿ. ದೂರದ ವೈದ್ಯರು ಆ ಅಂಕಿಗಳನ್ನೂ ನೀವು ಆಡುವ ಮಾತನ್ನೂ ನಂಬಿ ನಿರ್ಧರಿಸಬೇಕಾಗುತ್ತದೆ. ನಿಮ್ಮ ತಾಯಿ ‘ತಲೆಸುತ್ತು’ ಎಂದಷ್ಟೇ ಹೇಳಿದರೆ ದಾಖಲೆಯಲ್ಲಿ ಅಷ್ಟೇ ಉಳಿಯುತ್ತದೆ. ಅವರು ಶನಿವಾರ ಒಪ್ಪತ್ತು ಮಾಡುವವರಾಗಿದ್ದು, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನು ಬೆಳಿಗ್ಗೆಯೇ ನುಂಗಿ ಮಧ್ಯಾಹ್ನದವರೆಗೆ ಏನನ್ನೂ ತಿನ್ನದಿದ್ದರೆ, ರಕ್ತದ ಸಕ್ಕರೆ ಇಳಿದೇ ತಲೆ ಸುತ್ತಿರಬಹುದು. ಒಪ್ಪತ್ತಿನ ಸಂಗತಿಯನ್ನು ಯಾವ ಯಂತ್ರವೂ ಅಳೆಯುವುದಿಲ್ಲ, ನೀವೇ ಹೇಳಬೇಕು.

ಮುಂದಿನ ಸಲ ಅವರು ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್‌ಗಳನ್ನೆಲ್ಲ, ಪಕ್ಕದ ಮನೆಯವರು ಕೊಟ್ಟ ಮಂಡಿನೋವಿನ ಗುಳಿಗೆಯೂ ಸೇರಿದಂತೆ, ಚೀಲದಲ್ಲಿ ಹಾಕಿಕೊಂಡು ಹೋಗಿ. ಪಾದದಲ್ಲಿ ಜೋಮು ಅಥವಾ ಗಾಯವಿದ್ದರೆ ಅಧಿಕಾರಿಗೆ ಮುಟ್ಟಿ ನೋಡಲು ಹೇಳಿ, ಕ್ಯಾಮೆರಾಗೂ ತೋರಿಸಿ. ಕರೆ ಮುಗಿಯುವ ಮೊದಲು ಯಾವ ಮಾತ್ರೆ, ಯಾವ ಹೊತ್ತಿಗೆ, ಊಟಕ್ಕೆ ಮುಂಚೆಯೋ ಆಮೇಲೋ ಎಂಬುದನ್ನು ತಾಯಿಯವರ ಬಾಯಿಂದಲೇ ವೈದ್ಯರಿಗೆ ತಿರುಗಿ ಹೇಳಿಸಿ. ಇಷ್ಟಾದರೆ ಅವರ ಮುನಿಸೂ ಅರ್ಧ ಇಳಿದೀತು. ಎದೆನೋವು ಬಂದರೆ ಅಥವಾ ಬಾಯಿ ಸೊಟ್ಟಗಾದರೆ ವಿಡಿಯೊ ಕರೆಗೆ ಕಾಯದೆ 108ಕ್ಕೆ ಕರೆ ಮಾಡಿ.

ಪ್ರಶ್ನೆ: ಆಭಾ (ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆ ಮಾಡಿಸಿದರೆ ನನ್ನ ಕಾಯಿಲೆಗಳು ಎಲ್ಲರಿಗೂ ಗೊತ್ತಾಗುತ್ತವೆಯೇ?
– ಓದುಗರು, ತುಮಕೂರು

ಉತ್ತರ: ಇಲ್ಲ. ಈ 14 ಅಂಕಿಗಳ ಸಂಖ್ಯೆ ಕಡ್ಡಾಯವಲ್ಲ. ಉಚಿತ ಚಿಕಿತ್ಸೆಯ ಆಯುಷ್ಮಾನ್ ಕಾರ್ಡ್ ಬೇರೆ, ಇದು ಬೇರೆ. ದಾಖಲೆಗಳು ಆಯಾ ಆಸ್ಪತ್ರೆಯಲ್ಲೇ ಇರುತ್ತವೆ. ಇನ್ನೊಬ್ಬ ವೈದ್ಯರು ಇದರ ಮೂಲಕ ಅವನ್ನು ನೋಡಲು ನಿಮ್ಮ ಒಪ್ಪಿಗೆ ಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ಆದ್ದರಿಂದ ಕೌಂಟರಿನಲ್ಲಿ ಒಟಿಪಿ ಕೇಳಿದಾಗ, ಹಿಂದೆ ಸಾಲು ಎಷ್ಟೇ ಉದ್ದವಿದ್ದರೂ, ಅದು ಯಾತಕ್ಕೆಂದು ವಿಚಾರಿಸಿಯೇ ಹೇಳಿ.