ಸುಮ್ನೆ ಕೂತ ಕಂಪ್ಯೂಟರನ್ನು ಫೇಸ್‌ಬುಕ್ ಗೆಳೆಯರ ಜೊತೆ ಸೇರಿ ವಿಜ್ಞಾನದ ಕೆಲಸಕ್ಕೆ ಹಚ್ಚಬಹುದಾ?

ಹಚ್ಚಬಹುದು. ಬರ್ಕ್ಲಿ ವಿಶ್ವವಿದ್ಯಾಲಯದವರು ಮಾಡಿದ ಬೋಯಿಂಕ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ವಿಜ್ಞಾನಿಗಳ ದೊಡ್ಡ ಲೆಕ್ಕವನ್ನು ಅವರ ಸರ್ವರ್ ಚೂರು ಚೂರು ಮಾಡಿ ಹಂಚುತ್ತದೆ. ನಿಮ್ಮ ಪ್ರೊಸೆಸರ್ ಬಿಡುವಾಗಿದ್ದಾಗ ಒಂದು ಚೂರು ಮುಗಿಸಿ ವಾಪಸ್ ಕಳಿಸುತ್ತದೆ. ಎಷ್ಟೋ ಸಲ ಅದೇ ಚೂರನ್ನು ಇನ್ನೊಬ್ಬರಿಗೂ ಕೊಟ್ಟು ಉತ್ತರ ತಾಳೆ ನೋಡುತ್ತಾರೆ. ಕೆಲಸಕ್ಕೆ ಅಂಕ ಉಂಟು, ಹಣ ಇಲ್ಲ.

ಇದೇ ಬೋಯಿಂಕ್ ಬಳಸಿ 2009ರಲ್ಲಿ ಇಂಟೆಲ್ ಒಂದು ಫೇಸ್‌ಬುಕ್ ಆ್ಯಪ್ ತಂದಿತ್ತು. ಲೆಕ್ಕ ನಡೆಯುತ್ತಿದ್ದುದು ಕಂಪ್ಯೂಟರಿನಲ್ಲೇ. ಫೇಸ್‌ಬುಕ್ ಇದ್ದದ್ದು ಜನ ಸೇರಿಸೋಕೆ, ಅಂಕ ತೋರಿಸೋಕೆ ಅಷ್ಟೇ. ಆದರೆ ಆ ಜಂಬವೇ ಅರ್ಧ ಕೆಲಸ ಮಾಡಿಸುತ್ತದೆ, ಅಲ್ವಾ? ಮೈಸೂರಿನ ನಾವು ಐದು ಜನ ವಾಟ್ಸಾಪ್‌ನಲ್ಲಿ ಅಂಕದ ಸ್ಕ್ರೀನ್‌ಶಾಟ್ ಹಾಕಿ ಕಾಲೆಳೆಯುತ್ತಿರುತ್ತೇವೆ.

ಏಪ್ರಿಲ್ ಸೆಕೆಯಲ್ಲಿ ಮಾತ್ರ ಪ್ರೊಸೆಸರ್ ಬಳಕೆ ಅರ್ಧಕ್ಕೆ ಇಳಿಸಿ. ಇಳಿಸದಿದ್ದರೆ ನನ್ನ ಕಂಪ್ಯೂಟರ್ ಫ್ಯಾನ್ ಕಬ್ಬಿನ ಗಾಣದ ಹಾಗೆ ಕಿರುಗುಟ್ಟುತ್ತದೆ, ಕರೆಂಟ್ ಬಿಲ್ಲೂ ಜಾಸ್ತಿ.